ದಿನಕ್ಕೊಂದು ಕಿಲೋ ಕರಗುವ ಕರಡಿ: ಚರ್ಚಿಲ್‌ನ ನವೆಂಬರ್, ಒಂದು ಪ್ರಕರಣ ಅಧ್ಯಯನ

ಕೆನಡಾದ ಚರ್ಚಿಲ್ ಪಟ್ಟಣದ ಬಳಿ, ಹಡ್ಸನ್ ಕೊಲ್ಲಿಯ ದಂಡೆ. ಮೊಣಕಾಲೆತ್ತರದ ವಿಲ್ಲೋ ಪೊದೆಗಳ ಮರೆಯಲ್ಲಿ ಒಂದು ಗಂಡು ಹಿಮಕರಡಿ ಗಾಳಿಗೆ ಬೆನ್ನು ಕೊಟ್ಟು, ಮುಂಗಾಲ ಮೇಲೆ ಗದ್ದ ಊರಿ ಮಲಗಿದೆ. ದೂರದಲ್ಲಿ ಆಳೆತ್ತರದ ಗಾಲಿಗಳ ವಾಹನವೊಂದು ನಿಧಾನಕ್ಕೆ ಬಂದು ನಿಲ್ಲುತ್ತದೆ. ಕರಡಿ ತಲೆ ಎತ್ತುತ್ತದೆ, ಮೂಗನ್ನು ಗಾಳಿಗೊಡ್ಡುತ್ತದೆ, ಮತ್ತೆ ತಲೆ ಇಳಿಸುತ್ತದೆ. ಎಂಜಿನ್ ಆರಿಸಿದರೆ ಹತ್ತು ನಿಮಿಷದಲ್ಲಿ ಅದು ನಿದ್ದೆಗೆ ಜಾರಬಹುದು. ವಾಹನದೊಳಗಿನವರು ದಡದಡ ಓಡಾಡಿದರೆ, ಎರಡನೆಯ ವಾಹನ ಬಂದು ಇನ್ನೊಂದು ಬದಿಗೆ ನಿಂತರೆ, ತಲೆ ಮತ್ತೆ ಮೇಲೇಳುತ್ತದೆ. ಪ್ರವಾಸ ಚೆನ್ನಾಗಿ ನಡೆಯಿತೋ ಇಲ್ಲವೋ ಎಂದು ತಿಳಿಯಬೇಕಾದವರು ಚಿತ್ರಗಳನ್ನು ಎಣಿಸುವ ಬದಲು ಆ ತಲೆ ಎಷ್ಟು ಸಲ ಎದ್ದಿತು ಎಂದು ಎಣಿಸಬೇಕು.

ಕಾರಣ ಕರಡಿಯ ಹೊಟ್ಟೆಯಲ್ಲಿದೆ. ಜುಲೈನಲ್ಲಿ ಕೊಲ್ಲಿಯ ಮಂಜುಗಡ್ಡೆ ಕರಗಿದಾಗ ದಡ ಹತ್ತಿದ ಪ್ರಾಣಿ ಅಂದಿನಿಂದ ಹೊಟ್ಟೆಗೆ ತಣ್ಣೀರುಬಟ್ಟೆ ಹಾಕಿಕೊಂಡು ಕೂತಿದೆ. ಅದರ ಆಹಾರ ರಿಂಗ್ಡ್ ಸೀಲ್, ಬಿಯರ್ಡೆಡ್ ಸೀಲ್ ಎಂಬ ಕಡಲಪ್ರಾಣಿಗಳು. ಅವನ್ನು ಹಿಡಿಯಲು ಕಾಲಡಿಗೆ ಮಂಜುಗಡ್ಡೆ ಬೇಕು. ನೆಲದ ಮೇಲೆ ಸಿಗುವ ಹಣ್ಣು, ಹಕ್ಕಿಮೊಟ್ಟೆ, ಕಡಲಪಾಚಿ ಇಷ್ಟು ದೊಡ್ಡ ಮೈಗೆ ಸಾಲುವುದಿಲ್ಲ. ಇದೇ ಪಶ್ಚಿಮ ಹಡ್ಸನ್ ಕೊಲ್ಲಿಯ 20 ಕರಡಿಗಳನ್ನು ಬೇಸಿಗೆಯಲ್ಲಿ ಹಿಂಬಾಲಿಸಿ ತೂಗಿ ನೋಡಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. 19 ಕರಡಿಗಳು ತೂಕ ಕಳೆದುಕೊಂಡಿದ್ದವು, ಸರಾಸರಿ ದಿನಕ್ಕೆ 1 ಕಿಲೋದಷ್ಟು. ಹಣ್ಣು ಹುಡುಕಿದವು, ಈಜಿದವು, ಸುಮ್ಮನೆ ಮಲಗಿದವು, ಒಂದನ್ನು ಬಿಟ್ಟು ಎಲ್ಲವೂ ಕರಗಿದವು. ಪ್ರವಾಸಿಗ ಬಂದು ನೋಡುವುದು ಹೀಗೆ ಉಪವಾಸದ ಕೊನೆಯ ವಾರಗಳಲ್ಲಿರುವ ಪ್ರಾಣಿಯನ್ನು. ಚರ್ಚಿಲ್‌ನಲ್ಲಿ ಕರಡಿ ನೋಡುವ ಏರ್ಪಾಡನ್ನು ಅಳೆಯಲು ನಾವು ಹಿಡಿಯುವ ಪ್ರಶ್ನೆ ಇದೊಂದೇ: ಆ ಕರಡಿಯ ಉಳಿದ ಕೊಬ್ಬಿಗೆ ಈ ಭೇಟಿ ಎಷ್ಟು ಖರ್ಚು ಹಚ್ಚಿತು?

ಇಲ್ಲೇ ಏಕೆ, ಆಗಲೇ ಏಕೆ

ಚರ್ಚಿಲ್ ಕೆನಡಾದ ಮ್ಯಾನಿಟೋಬ ಪ್ರಾಂತದ ಉತ್ತರದಲ್ಲಿ, ಹಡ್ಸನ್ ಕೊಲ್ಲಿಯ ಪಶ್ಚಿಮ ದಂಡೆಯಲ್ಲಿರುವ ಪುಟ್ಟ ಬಂದರು ಪಟ್ಟಣ. 2021ರ ಜನಗಣತಿಯಂತೆ 870 ಜನ. ಹೊರಗಿನಿಂದ ಯಾವ ರಸ್ತೆಯೂ ಬರುವುದಿಲ್ಲ. ರೈಲು, ವಿಮಾನ, ಬೇಸಿಗೆಯಲ್ಲಿ ಹಡಗು, ಇಷ್ಟೇ ದಾರಿ.

ಕರಡಿಗಳು ಇಲ್ಲಿ ಕೂಡುವುದಕ್ಕೆ ಭೂಗೋಳವೇ ಕಾರಣ. ಬೇಸಿಗೆಯಲ್ಲಿ ಕೊಲ್ಲಿಯ ಕೊನೆಯ ಮಂಜುಗಡ್ಡೆ ಉಳಿಯುವುದು ಪಟ್ಟಣಕ್ಕೆ ದಕ್ಷಿಣದ ತೀರದ ಬಳಿ. ಅದು ಕರಗಿದಾಗ ಕರಡಿಗಳು ಅಲ್ಲೇ ನೆಲಕ್ಕಿಳಿದು, ಶರತ್ಕಾಲ ಹತ್ತಿರವಾದಂತೆ ಕರಾವಳಿ ಹಿಡಿದು ಉತ್ತರಕ್ಕೆ ನಡೆಯುತ್ತವೆ. ಇತ್ತ ಚರ್ಚಿಲ್ ನದಿ ಸಿಹಿನೀರನ್ನು ತಂದು ಸುರಿಯುವುದರಿಂದ ತೀರದ ನೀರಿನ ಉಪ್ಪು ತಗ್ಗಿ, ಅದು ಬೇಗ ಹೆಪ್ಪುಗಟ್ಟುತ್ತದೆ. ವಾಯವ್ಯದ ಗಾಳಿ ಹೊಸ ಮಂಜನ್ನು ತಂದು ಈ ತೀರಕ್ಕೆ ಒತ್ತುತ್ತದೆ. ಹಾಗಾಗಿ ಕೊಲ್ಲಿಯ ಈ ಬದಿಯಲ್ಲಿ ಮಂಜು ಮೊದಲು ಕಟ್ಟುವ ಜಾಗಗಳಲ್ಲಿ ಚರ್ಚಿಲ್ ಸುತ್ತಲಿನ ಗಾರ್ಡನ್ ಪಾಯಿಂಟ್, ಕೇಪ್ ಚರ್ಚಿಲ್ ಮುಖ್ಯವಾದವು. ಕರಡಿಗಳು ಅಲ್ಲಿ ಬಂದು ಕಾಯುತ್ತವೆ.

ಕಬಿನಿ ಹಿನ್ನೀರನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ದಂಡೆಯಲ್ಲಿ ಹುಲ್ಲು ಚಿಗುರಿದಾಗ ಆನೆಗಳು ತಾವಾಗಿ ಸೇರುತ್ತವೆ, ಯಾರೂ ಕರೆಯಬೇಕಿಲ್ಲ. ಅಲ್ಲಿ ನೀರು ಮಾಡುವ ಕೆಲಸವನ್ನು ಇಲ್ಲಿ ಮಂಜು ಮಾಡುತ್ತದೆ. ಒಂದು ವ್ಯತ್ಯಾಸವಿದೆ. ಕಬಿನಿಯ ಆನೆ ಮೇಯುತ್ತಾ ಇರುತ್ತದೆ. ಚರ್ಚಿಲ್‌ನ ಕರಡಿ ಹಸಿದು ಇರುತ್ತದೆ.

ಎಲ್ಲ ಕರಡಿಗಳೂ ದಂಡೆಗೆ ಬರುವುದಿಲ್ಲ. ಗಬ್ಬದ ಹೆಣ್ಣುಗಳು ಒಳನಾಡಿನ ಗೂಡುಗಳಿಗೆ ಹೋಗುತ್ತವೆ. ಈ ಗೂಡುನಾಡಿನ ಬಹುಭಾಗ 1996ರಲ್ಲಿ ಸ್ಥಾಪನೆಯಾದ, 11,475 ಚದರ ಕಿಲೋಮೀಟರ್ ವಿಸ್ತಾರದ ವಾಪುಸ್ಕ್ ರಾಷ್ಟ್ರೀಯ ಉದ್ಯಾನದೊಳಗಿದೆ. ವಾಪುಸ್ಕ್ ಎಂದರೆ ಅಲ್ಲಿನ ಮೂಲನಿವಾಸಿಗಳ ಕ್ರೀ ಭಾಷೆಯಲ್ಲಿ ಬಿಳಿ ಕರಡಿ. ಆ ತಾಯಂದಿರ ಉಪವಾಸ ಎಂಟು ತಿಂಗಳವರೆಗೂ ಹೋಗುತ್ತದೆ. ಮರಿಗಳೊಂದಿಗೆ ಅವು ಹೊರಬರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಆದ್ದರಿಂದ ಅಂಗೈಯಗಲದ ಮರಿಗಳ ಚಿತ್ರ ನೋಡಿ ನವೆಂಬರ್‌ಗೆ ಟಿಕೆಟ್ ತೆಗೆದರೆ ನಿರಾಸೆ ಖಚಿತ. ನವೆಂಬರ್‌ನಲ್ಲಿ ತಾಯಿಯ ಹಿಂದೆ ನಡೆಯುವುದು ಹತ್ತು ತಿಂಗಳ ಮೇಲಿನ ಮರಿ. ಆಗ ಹೆಚ್ಚಾಗಿ ಕಾಣುವುದು ದೊಡ್ಡ ಗಂಡುಗಳು. ಅವು ಎದ್ದುನಿಂತು, ಎದೆಗೆ ಎದೆ ಕೊಟ್ಟು ಹುಸಿಗುದ್ದಾಟ ಆಡುತ್ತವೆ. ಚಳಿ ಇದ್ದಷ್ಟೂ ಆಟ ಜೋರು. ಬಿಸಿಲೇರಿದರೆ ಮೈ ಕಾದುಬಿಡುತ್ತದೆ, ಬಿದ್ದು ಮಲಗುತ್ತವೆ.

ದಿನಾಂಕದ ಲೆಕ್ಕ ಹೀಗಿದೆ. ಅಕ್ಟೋಬರ್ ಮೊದಲ ವಾರಗಳಲ್ಲಿ ಕರಡಿ ಕಡಿಮೆ, ನೆಲ ಕಂದು, ಹಿಮ ಅಲ್ಲಲ್ಲಿ. ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಎರಡನೆಯ ವಾರದ ತನಕ ಅತ್ಯುತ್ತಮ ಕಾಲ. ಆಮೇಲೆ ಜೂಜು. ಎರಡು ದಿನ ವಾಯವ್ಯದ ಗಾಳಿ ಬೀಸಿ ಚಳಿ ಹೆಚ್ಚಿದರೆ ದಂಡೆಯ ಮಂಜು ಗಟ್ಟಿಯಾಗಿ, ಹಿಂದಿನ ದಿನ ಹತ್ತಾರು ಕರಡಿಗಳಿದ್ದ ಜಾಗ ಖಾಲಿಯಾಗಬಹುದು. ನವೆಂಬರ್ 20ರ ನಂತರದ ಬುಕಿಂಗ್ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ವಾಹನ, ಅದರ ದಾರಿ, ಅದರ ಕಟ್ಟುಪಾಡು

ಪಟ್ಟಣದಿಂದ ಪೂರ್ವಕ್ಕೆ ಸುಮಾರು 20 ಕಿಲೋಮೀಟರ್ ಬಸ್ಸಿನಲ್ಲಿ ಹೋದರೆ ವಾಹನ ಹತ್ತುವ ಕಟ್ಟೆ. ಅಲ್ಲಿಂದ ಮುಂದೆ 1978ರಲ್ಲಿ ಘೋಷಿತವಾದ ಚರ್ಚಿಲ್ ವನ್ಯಜೀವಿ ನಿರ್ವಹಣಾ ಪ್ರದೇಶ, ಮರಗಳಿಲ್ಲದ ಹೆಪ್ಪುನೆಲದ ಟಂಡ್ರಾ ಬಯಲು. ಅಲ್ಲಿ ಓಡಾಡಲು ಪರವಾನಗಿ ಇರುವುದು ಒಟ್ಟು 18 ಟಂಡ್ರಾ ವಾಹನಗಳಿಗೆ ಮಾತ್ರ, ಎರಡು ಸಂಸ್ಥೆಗಳ ನಡುವೆ. ಈ ಸಂಖ್ಯೆಯನ್ನು ಬೇಡಿಕೆ ಹೆಚ್ಚಿತೆಂದು ಏರಿಸಿಲ್ಲ. ಇಡೀ ಏರ್ಪಾಡಿನಲ್ಲಿ ನಾವು ಅತಿ ಹೆಚ್ಚು ಮೆಚ್ಚುವ ಸಂಗತಿ ಇದು. ವಾಹನಗಳು ಹೋಗುವುದು ಹಳೆಯ ಸೇನಾ ತರಬೇತಿಯ ಕಾಲದಲ್ಲಿ ಬಿದ್ದ ಜಾಡುಗಳ ಮೇಲೆ. ಜಾಡು ಬಿಟ್ಟು ಟಂಡ್ರಾ ತುಳಿದರೆ ಆ ಗಾಯ ಮಾಯಲು ದಶಕಗಳು ಬೇಕು.

ಟಂಡ್ರಾ ಬಗ್ಗಿ ಎಂಬ ಹೆಸರಿನಿಂದ ಪ್ರಸಿದ್ಧವಾದ ವಾಹನವನ್ನು ಸುಮಾರು 1980ರ ಹೊತ್ತಿಗೆ ಲೆನ್ ಸ್ಮಿತ್ ಎಂಬ ಸ್ಥಳೀಯ ಮೆಕ್ಯಾನಿಕ್ ಕಟ್ಟಿದರು. ಗಾಲಿಗಳು ಅಗಲ, ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಭಾರ ಹರಡಿಕೊಂಡು ವಾಹನ ಕೆಸರಿನಲ್ಲಿ ಹೂಳುವುದಿಲ್ಲ. ಒಳಗೆ ಹೀಟರ್, ಶೌಚಾಲಯ, ಇಳಿಸಬಹುದಾದ ಕಿಟಕಿಗಳು. ಹಿಂಬದಿಗೆ ತೆರೆದ ಕಟ್ಟೆ, ಅದರ ನೆಲ ಉಕ್ಕಿನ ಜಾಲರಿ. ದೊಡ್ಡ ಗಂಡುಕರಡಿ ಹಿಂಗಾಲ ಮೇಲೆ ನಿಂತರೆ 3 ಮೀಟರ್ ಹತ್ತಿರ ಬರುತ್ತದೆ. ಕಿಟಕಿಯ ಎತ್ತರವನ್ನು ಅದನ್ನು ನೋಡಿಯೇ ನಿಗದಿ ಮಾಡಿದ್ದು. ಆದರೂ ಕಿಟಕಿಯಿಂದ ಕೈ, ಫೋನು, ಮಫ್ಲರ್ ಹೊರಗೆ ಇಳಿಬಿಡುವಂತಿಲ್ಲ. ಕರಡಿ ವಾಹನದ ಅಡಿಗೆ ಬಂದು ಜಾಲರಿಗೆ ಮೂಗು ಹಚ್ಚಿದಾಗ, ಕೆಳಗೆ ನೋಡಿದರೆ ಕರಿಯ ಒದ್ದೆ ಮೂಗು, ಅದರಿಂದೇಳುವ ಉಸಿರಿನ ಬಿಸಿ ಬೂಟಿನ ಅಟ್ಟೆಯವರೆಗೂ ತಾಕುತ್ತದೆ. ಆ ಕ್ಷಣದಲ್ಲಿ ಬಾಗಿ ಬೆರಳು ತೂರಿಸುವ ಆಸೆ ಯಾರಿಗಾದರೂ ಬರಬಹುದು, ತೂರಿಸಬಾರದು.

ಎರಡು ನಿಯಮಗಳಿಗೆ ರಿಯಾಯಿತಿಯೇ ಇಲ್ಲ. ಒಂದು, ಟಂಡ್ರಾದಲ್ಲಿ ವಾಹನದಿಂದ ಇಳಿಯುವಂತಿಲ್ಲ. ಇನ್ನೊಂದು, ತಿಂಡಿಯನ್ನು ಹೊರಗಟ್ಟೆಗೆ ಒಯ್ಯುವಂತಿಲ್ಲ, ಚೂರೂ ಕೆಳಗೆ ಬೀಳುವಂತಿಲ್ಲ. ಮಧ್ಯಾಹ್ನದ ಸೂಪು, ಸ್ಯಾಂಡ್‌ವಿಚ್ ಒಳಗೇ ಮುಗಿಯಬೇಕು. ನಮ್ಮವರು ಚೀಲದಲ್ಲಿ ಕೋಡುಬಳೆ, ಚಟ್ನಿಪುಡಿ ಇಟ್ಟುಕೊಂಡೇ ಹೊರಡುತ್ತಾರೆ. ತಪ್ಪಿಲ್ಲ, ಸಸ್ಯಾಹಾರಿಗಳಿಗೆ ಆ ಊರಿನಲ್ಲಿ ಆಯ್ಕೆ ಕಡಿಮೆಯೇ. ಆದರೆ ಅದನ್ನು ಹೋಟೆಲ್ ಕೋಣೆಯಲ್ಲೇ ತಿನ್ನಿ. ವಾಹನವೆಂದರೆ ತಿಂಡಿಯ ಡಬ್ಬಿ ಎಂದು ಒಂದು ಕರಡಿ ಒಮ್ಮೆ ಕಲಿತರೆ ಅದು ಮುಂದೆ ಪಟ್ಟಣದ ಬಾಗಿಲಿಗೂ ಬರುತ್ತದೆ, ಬಂದ ಕರಡಿಯ ಜೀವಕ್ಕೇ ಕುತ್ತು.

ಒಳ್ಳೆಯ ಚಾಲಕ ಕರಡಿಯ ಹಿಂದೆ ಹೋಗುವುದಿಲ್ಲ. ದೂರದಲ್ಲೇ ವೇಗ ತಗ್ಗಿಸಿ, ಓರೆಯಾಗಿ ಬಂದು, ಕರಡಿ ಹೋಗುವ ದಾರಿಯನ್ನು ತೆರೆದಿಟ್ಟು ನಿಲ್ಲುತ್ತಾನೆ, ಎಂಜಿನ್ ಆರಿಸುತ್ತಾನೆ. ಹತ್ತಿರ ಬರುವುದು ಬಿಡುವುದು ಕರಡಿಗೆ ಬಿಟ್ಟದ್ದು. ಚರ್ಚಿಲ್‌ನಲ್ಲೇ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾಹನಗಳಿದ್ದಾಗ ಮಲಗಿದ ಗಂಡುಕರಡಿಗಳು ಹೆಚ್ಚು ಸಲ ತಲೆ ಎತ್ತಿ ನೋಡುತ್ತಿದ್ದುದು ದಾಖಲಾಗಿದೆ. ತಲೆ ಎತ್ತುವುದು ಸಣ್ಣ ಖರ್ಚು. ಎದ್ದು ನಡೆದುಹೋಗುವುದು ದೊಡ್ಡ ಖರ್ಚು. ಕರಡಿಗೆ ನಡಿಗೆ ದುಬಾರಿ. ಹೊಟ್ಟೆ ತುಂಬಿದ ಪ್ರಾಣಿಗೆ ಲೆಕ್ಕಕ್ಕಿಲ್ಲದ ಅಡ್ಡಿ, ನಾಲ್ಕು ತಿಂಗಳು ಉಪವಾಸವಿದ್ದ ಪ್ರಾಣಿಗೆ ಲೆಕ್ಕಕ್ಕೆ ಬರುತ್ತದೆ.

ಇದನ್ನು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳೊಂದಿಗೆ ಹೋಲಿಸಿ ನೋಡುವುದು ಒಳ್ಳೆಯದು. ಅಲ್ಲಿ ಕರಡಿ ಹುಡುಕುವುದು ಹಡಗಿನಿಂದ. 2025ರ ಜನವರಿ 1ರಿಂದ ಅಲ್ಲಿ ಹಿಮಕರಡಿಯಿಂದ ಕನಿಷ್ಠ 300 ಮೀಟರ್, ಮಾರ್ಚ್ 1ರಿಂದ ಜೂನ್ 30ರ ತನಕ 500 ಮೀಟರ್ ದೂರ ಕಡ್ಡಾಯ. ಮೊಬೈಲ್ ಕ್ಯಾಮೆರಾಗೆ ಆ ದೂರದಲ್ಲಿ ಕರಡಿ ಒಂದು ಹಳದಿ ಚುಕ್ಕೆ. ಚರ್ಚಿಲ್‌ನಲ್ಲಿ ಕರಡಿ ಗಾಲಿಯ ಪಕ್ಕಕ್ಕೇ ಬರುತ್ತದಲ್ಲ, ಹಾಗಾದರೆ ಇಲ್ಲಿ ನಿಯಮ ಸಡಿಲವೇ? ಹಾಗೆ ತೀರ್ಮಾನಿಸಬಾರದು. ಇಲ್ಲಿ ವಾಹನ ಕಟ್ಟುನಿಟ್ಟಾದ ಜಾಡಿನಲ್ಲಿ, ಎಣಿಸಿದ ಸಂಖ್ಯೆಯಲ್ಲಿ, ವರ್ಷವರ್ಷವೂ ಅದೇ ಜಾಗದಲ್ಲಿ ನಿಲ್ಲುತ್ತದೆ. ಕರಡಿಗಳಿಗೆ ಅದು ಪರಿಚಿತ. ಎಲ್ಲಿಂದಲೋ ಬಂದು ಹೋಗುವ ಹಡಗು, ರಬ್ಬರ್ ದೋಣಿ, ಸ್ನೋಮೊಬೈಲ್ ಹಾಗಲ್ಲ. ಪದ್ಧತಿ ಬೇರೆಯಾದ್ದರಿಂದ ನಿಯಮವೂ ಬೇರೆ.

ಪಟ್ಟಣದೊಳಗೆ

ಟಂಡ್ರಾದಲ್ಲಿ ಕರಡಿ ನೋಡಬೇಕಾದರೆ ಪಟ್ಟಣದಲ್ಲಿ ಅದನ್ನು ದೂರವಿಡಬೇಕು. ಎರಡೂ ಒಂದೇ ಕೆಲಸದ ಎರಡು ತುದಿ. ಕರಡಿಗಳು ದಶಕಗಳ ಕಾಲ ಪಟ್ಟಣದ ಕಸದ ಗುಂಡಿಯಲ್ಲಿ ಮೇಯುತ್ತಿದ್ದವು. ಆ ಬಯಲು ಗುಂಡಿಯನ್ನು 2005ರ ಸುಮಾರಿಗೆ ಮುಚ್ಚಿ, ಕಸವನ್ನು ಕಟ್ಟಡದೊಳಗೆ ಕೂಡಿಡುವ ವ್ಯವಸ್ಥೆ ಬಂತು. ಇದಕ್ಕಿಂತ ದೊಡ್ಡ ಸುಧಾರಣೆ ಈ ಊರಿನಲ್ಲಿ ಇನ್ನೊಂದಿಲ್ಲ.

ಮ್ಯಾನಿಟೋಬ ಸರ್ಕಾರದ ಹಿಮಕರಡಿ ಎಚ್ಚರಿಕೆ ಕಾರ್ಯಕ್ರಮದ ಅಧಿಕಾರಿಗಳು ಹಂತಹಂತವಾಗಿ ಕೆಲಸ ಮಾಡುತ್ತಾರೆ. ಕರೆ ಬಂದೊಡನೆ ವಾಹನದ ಹಾರ್ನ್, ಕೋವಿಯಿಂದ ಹಾರಿಸುವ ಪಟಾಕಿ ಗುಂಡು. ಜಗ್ಗದಿದ್ದರೆ ರಬ್ಬರ್ ಗುಂಡು. ಮತ್ತೆಮತ್ತೆ ಬರುವ ಕರಡಿಗೆ ದೊಡ್ಡ ಕೊಳವೆಯಾಕಾರದ ಬೋನು, ಒಳಗೆ ಸೀಲ್ ಮಾಂಸದ ವಾಸನೆ. ಸಿಕ್ಕಿದ್ದನ್ನು ವಿಮಾನ ನಿಲ್ದಾಣದ ಬಳಿಯ ಹಳೆಯ ಸೇನಾ ಕಟ್ಟಡಕ್ಕೆ ಸಾಗಿಸುತ್ತಾರೆ. ಊರವರ ಬಾಯಲ್ಲಿ ಅದು ಕರಡಿ ಜೈಲು, 28 ಕೋಣೆಗಳು. ಅಲ್ಲಿ ಕರಡಿಗೆ ನೀರು ಕೊಡುತ್ತಾರೆ, ಆಹಾರ ಕೊಡುವುದಿಲ್ಲ. ಕೇಳಿದಾಗ ನಿರ್ದಯವೆನಿಸುತ್ತದೆ. ಆದರೆ ಹೊರಗಿದ್ದರೂ ಅದು ಉಪವಾಸವೇ; ಊಟ ಹಾಕಿದರೆ ಮುಂದಿನ ವರ್ಷ ಊಟಕ್ಕೇ ಬರುತ್ತದೆ. ಕೆಲವು ವಾರ ಇಟ್ಟು, ಇಲ್ಲವೇ ಜಾಗ ಸಾಲದಿದ್ದರೆ ಅರಿವಳಿಕೆ ಕೊಟ್ಟು, ಬಲೆಯಲ್ಲಿ ಹಾಕಿ ಹೆಲಿಕಾಪ್ಟರ್‌ಗೆ ತೂಗುಬಿಟ್ಟು ಉತ್ತರಕ್ಕೆ ಒಯ್ದು ಬಿಡುತ್ತಾರೆ.

ತಪ್ಪುವುದು ಎಲ್ಲಿ ಎಂಬುದಕ್ಕೆ ಎರಡು ಘಟನೆಗಳು ಸಾಕು. 1983ರ ನವೆಂಬರ್‌ನಲ್ಲಿ, ಬೆಂಕಿಗೆ ಸುಟ್ಟ ಹೋಟೆಲಿನಿಂದ ಮಾಂಸ ಎತ್ತಿಕೊಂಡು ಜೇಬಿನಲ್ಲಿಟ್ಟು ನಡೆದ ವ್ಯಕ್ತಿಯನ್ನು ಕರಡಿ ಕೊಂದಿತು. ಪಟ್ಟಣದಲ್ಲಿ ಕರಡಿಯಿಂದ ಸಂಭವಿಸಿದ ಕೊನೆಯ ಸಾವು ಅದು. 2013ರಲ್ಲಿ ಹ್ಯಾಲೋವೀನ್ ಹಬ್ಬದ ರಾತ್ರಿ ಕಳೆದು ನವೆಂಬರ್ 1ರ ನಸುಕಿನಲ್ಲಿ, ಪಾರ್ಟಿ ಮುಗಿಸಿ ನಡೆದು ಬರುತ್ತಿದ್ದ ಯುವತಿಯ ಮೇಲೆ ಕರಡಿ ಎರಗಿತು. ಬಿಡಿಸಲು ಸನಿಕೆ ಹಿಡಿದು ಓಡಿಬಂದ ಹಿರಿಯರೊಬ್ಬರೂ ಗಾಯಗೊಂಡರು. ಇಬ್ಬರೂ ಬದುಕಿದರು, ಕರಡಿಯನ್ನು ಕೊಲ್ಲಬೇಕಾಯಿತು. ಒಂದರಲ್ಲಿ ಮಾಂಸದ ವಾಸನೆ, ಇನ್ನೊಂದರಲ್ಲಿ ಕತ್ತಲಲ್ಲಿ ಕಾಲ್ನಡಿಗೆ. ಪ್ರವಾಸಿಗರು ಇದರಿಂದ ತೆಗೆದುಕೊಳ್ಳಬೇಕಾದ್ದು ಸರಳ: ಕತ್ತಲಾದ ಮೇಲೆ ಎರಡು ಬೀದಿಯಾಚೆಯ ಊಟದ ಮನೆಗೂ ವಾಹನದಲ್ಲೇ ಹೋಗಿ. ಹಗಲಲ್ಲೂ ಎಚ್ಚರಿಕೆಯ ಫಲಕ ದಾಟಬೇಡಿ, ಕೊಲ್ಲಿಯ ಬದಿಯ ಬಂಡೆಗಳ ನಡುವೆ ಇಳಿಯಬೇಡಿ. ಬಂಡೆಯ ಮರೆಯಲ್ಲಿ ಮಲಗಿದ ಕರಡಿ ಹತ್ತು ಹೆಜ್ಜೆ ಹತ್ತಿರವಾಗುವ ತನಕ ಕಾಣುವುದಿಲ್ಲ. ಈ ಊರಿನವರು ಕಾರಿಗೆ ಬೀಗ ಹಾಕದೆ ಬಿಡುವ ರೂಢಿ ಇಟ್ಟುಕೊಂಡಿರುವುದು ಓಡುವವರಿಗೆ ಒಂದು ಬಾಗಿಲು ಸಿಗಲಿ ಎಂದು.

ಬೆಂಗಳೂರಿನಿಂದ ಹೊರಡುವವರಿಗೆ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾದ ಸಂದರ್ಶಕ ವೀಸಾ ಬೇಕು, ಬೆರಳಚ್ಚು ಸಹಿತ. ಅಕ್ಟೋಬರ್ ಕೊನೆಗೆ ಹೋಗಬೇಕೆಂದರೆ ಅರ್ಜಿಯನ್ನು ಬೇಸಿಗೆಯಲ್ಲೇ ಹಾಕಿ. ಜಾಗವನ್ನಂತೂ ಒಂದು ವರ್ಷ ಮೊದಲು ಕಾದಿರಿಸಬೇಕು. 18 ವಾಹನ, ಬೆರಳೆಣಿಕೆಯ ಹೋಟೆಲು, ಆರು ವಾರ, ಇಷ್ಟರಲ್ಲೇ ಲೋಕದವರೆಲ್ಲ ಹಂಚಿಕೊಳ್ಳಬೇಕು.

ವಿನ್ನಿಪೆಗ್‌ವರೆಗೆ ದೊಡ್ಡ ವಿಮಾನ, ಅಲ್ಲಿಂದ ಚರ್ಚಿಲ್‌ಗೆ ಸಣ್ಣ ವಿಮಾನದಲ್ಲಿ ಎರಡರಿಂದ ಎರಡೂವರೆ ಗಂಟೆ. ರೈಲೂ ಇದೆ, ಸುಮಾರು 1,700 ಕಿಲೋಮೀಟರ್, ಎರಡು ಹಗಲು ಎರಡು ರಾತ್ರಿ. ಹಳಿಗಳು ಹೆಪ್ಪುಗಟ್ಟಿದ ನೆಲ ಮತ್ತು ಜೌಗಿನ ಮೇಲಿರುವುದರಿಂದ ಉತ್ತರದಲ್ಲಿ ರೈಲು ತೆವಳುತ್ತದೆ, ತಡವಾಗುವುದು ಸಾಮಾನ್ಯ. 2017ರ ಮೇ ತಿಂಗಳ ಪ್ರವಾಹದಲ್ಲಿ ಈ ಹಳಿ ಹಲವು ಕಡೆ ಕೊಚ್ಚಿಹೋಗಿ, ಮತ್ತೆ ರೈಲು ಬಂದದ್ದು 2018ರ ಶರತ್ಕಾಲ ಕಳೆಯುವ ಹೊತ್ತಿಗೆ. ಆ ನಡುವೆ ಊರಿಗೆ ಹಾಲು ತರಕಾರಿಯೂ ವಿಮಾನದಲ್ಲೇ ಬರಬೇಕಾಯಿತು.

ವಿಮಾನವೂ ಹಿಮಗಾಳಿಗೆ ಕೈಕೊಡುತ್ತದೆ. ಹೋಗುವಾಗ ವಿನ್ನಿಪೆಗ್‌ನಲ್ಲಿ ಒಂದು ರಾತ್ರಿ, ಬರುವಾಗ ಒಂದು ಪೂರ್ತಿ ದಿನ ಕೈಯಲ್ಲಿಟ್ಟುಕೊಳ್ಳಿ. ಚರ್ಚಿಲ್‌ನಿಂದ ಬಂದ ಸಂಜೆಯೇ ಸಾಗರದಾಚೆಯ ವಿಮಾನ ಹಿಡಿಯುವ ಯೋಜನೆ ಹಾಕಬೇಡಿ. ಟಂಡ್ರಾದಲ್ಲಿ ಕನಿಷ್ಠ ಎರಡು ದಿನ, ಸಾಧ್ಯವಾದರೆ ಮೂರು. ಒಂದೇ ದಿನದ ಟಿಕೆಟ್ ಹಿಡಿದವರಿಗೆ ಬಿಳಿಮಂಜಿನ ಗೋಡೆಯಷ್ಟೇ ಕಂಡ ದಿನಗಳೂ ಇರುತ್ತವೆ. ವಿಮೆಯಲ್ಲಿ ತುರ್ತು ವೈದ್ಯಕೀಯ ಸಾಗಣೆ ಸೇರಿರಲಿ. ಊರಿನಲ್ಲಿ ಆರೋಗ್ಯ ಕೇಂದ್ರವಿದೆ, ಗಂಭೀರವಾದದ್ದೆಲ್ಲ ವಿನ್ನಿಪೆಗ್‌ಗೆ ವಿಮಾನದಲ್ಲೇ ಹೋಗಬೇಕು.

ಚಳಿ ಅಕ್ಟೋಬರ್‌ನಲ್ಲಿ ಸೊನ್ನೆಯ ಆಸುಪಾಸು, ನವೆಂಬರ್ ನಡುವಿಗೆ ಮೈನಸ್ 10ರಿಂದ 20. ಗಾಳಿ ಸೇರಿದರೆ ಮೈಗೆ ಮೈನಸ್ 30ರಂತೆ ತಾಕುತ್ತದೆ. ಮೈಗೆ ತಾಗುವ ಬಟ್ಟೆ ಉಣ್ಣೆಯದಿರಲಿ, ಹತ್ತಿ ಬೇಡ. ಬೆವರು ಹೀರಿದ ಹತ್ತಿ ಬನಿಯನ್ ಹೊರಗಟ್ಟೆಯಲ್ಲಿ ಐಸಿನಂತಾಗುತ್ತದೆ. ಅದರ ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ದಪ್ಪ ಪಾರ್ಕಾ ಕೋಟು. ಪಾರ್ಕಾ, ಬೂಟುಗಳನ್ನು ಹಲವು ಆಯೋಜಕರು ಬಾಡಿಗೆಗೆ ಕೊಡುತ್ತಾರೆ, ಮೊದಲೇ ಕೇಳಿ. ಬೂಟು ಒಂದು ಅಳತೆ ದೊಡ್ಡದಿರಲಿ. ಬಿಗಿಯಾದರೆ ರಕ್ತ ಓಡದೆ ಬೆರಳು ಮರಗಟ್ಟುತ್ತದೆ.

ಚಿತ್ರ ತೆಗೆಯುವವರು ಸಾಮಾನ್ಯವಾಗಿ ಎಡವುವುದು ಮೂರು ಕಡೆ. ಬೆಚ್ಚಗಿನ ಕ್ಯಾಬಿನ್ನಿನ ಕಿಟಕಿ ಇಳಿಸಿದಾಗ ಒಳಗಿನ ಬಿಸಿಗಾಳಿ ಹೊರಗೆ ಹರಿದು, ಟಾರು ರಸ್ತೆಯ ಮೇಲಿನ ಝಳದಂತೆ ನೋಟ ಕದಡುತ್ತದೆ. ಎಷ್ಟು ಒಳ್ಳೆಯ ಲೆನ್ಸಾದರೂ ಚಿತ್ರ ಮಸುಕು. ಹೊರಗಟ್ಟೆಗೆ ಹೋಗಿ ತೆಗೆಯಿರಿ. ಎರಡನೆಯದು, ಹಿಮದ ಬಿಳುಪಿಗೆ ಮೋಸಹೋಗಿ ಕ್ಯಾಮೆರಾ ಎಲ್ಲವನ್ನೂ ಬೂದು ಮಾಡುತ್ತದೆ. ಎಕ್ಸ್‌ಪೋಷರ್ ಅನ್ನು ಒಂದು ಸ್ಟಾಪ್‌ನಷ್ಟು ಏರಿಸಿ. ಮೂರನೆಯದು, ಸಂಜೆ ಕ್ಯಾಮೆರಾವನ್ನು ಹಾಗೇ ಕೋಣೆಗೆ ತಂದರೆ ಲೆನ್ಸಿನೊಳಗೂ ನೀರಾಡುತ್ತದೆ. ಹೊರಗಿರುವಾಗಲೇ ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ, ಒಂದೆರಡು ಗಂಟೆ ಬಿಟ್ಟು ತೆರೆಯಿರಿ. ಬ್ಯಾಟರಿ ಒಳಜೇಬಿನಲ್ಲಿರಲಿ. 100-400 ಮಿಲಿಮೀಟರ್ ಜೂಮ್ ಸಾಕು, ಕೆಲವೊಮ್ಮೆ ಅದೂ ಹೆಚ್ಚು. ಯಾರಾದರೂ ಚಿತ್ರ ತೆಗೆಯುತ್ತಿರುವಾಗ ಉಳಿದವರು ಅಲುಗಾಡಬಾರದು. ಒಬ್ಬರು ನಡೆದರೂ ಇಡೀ ವಾಹನ ತೂಗುತ್ತದೆ.

ಆಯೋಜಕರನ್ನು ಆರಿಸುವಾಗ ಎಷ್ಟು ಕರಡಿ ತೋರಿಸುತ್ತೀರಿ ಎಂದು ಕೇಳಬೇಡಿ. ವಾಹನದಲ್ಲಿ ಎಷ್ಟು ಜನ, ಒಂದು ಕರಡಿಯ ಬಳಿ ಎಷ್ಟು ಹೊತ್ತು ನಿಲ್ಲುತ್ತೀರಿ, ಎಂಜಿನ್ ಆರಿಸುತ್ತೀರಾ, ಮೊದಲೇ ಎಷ್ಟು ವಾಹನಗಳಿದ್ದರೆ ಅಲ್ಲಿಗೆ ಹೋಗುವುದಿಲ್ಲ ಎಂದು ಕೇಳಿ. ನೇರ ಉತ್ತರ ಕೊಡುವವರ ಬಳಿ ಹೋಗಿ.

ಕರಗುತ್ತಿರುವ ಲೆಕ್ಕ

ಪಶ್ಚಿಮ ಹಡ್ಸನ್ ಕೊಲ್ಲಿಯ ಕರಡಿಗಳು 1987ರಲ್ಲಿ ಸುಮಾರು 1,200 ಇದ್ದವು. 2016ರ ವೈಮಾನಿಕ ಸಮೀಕ್ಷೆ 842 ಎಂದು ಅಂದಾಜಿಸಿತು, 2021ರದ್ದು 618. ಐದೇ ವರ್ಷದಲ್ಲಿ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ಇಲ್ಲವಾದಂತೆ. ಇಳಿಕೆ ಎದ್ದು ಕಂಡದ್ದು ಬೆಳೆದ ಹೆಣ್ಣುಗಳಲ್ಲಿ, ಎಳೆಯ ಕರಡಿಗಳಲ್ಲಿ. ಮಂಜಿಲ್ಲದ ಕಾಲ 1980ರ ದಶಕಕ್ಕಿಂತ ಮೂರ್ನಾಲ್ಕು ವಾರ ಉದ್ದವಾಗಿದೆ. ದಿನಕ್ಕೆ 1 ಕಿಲೋ ಎಂದು ಹಿಡಿದರೆ, ಪ್ರತಿ ಕರಡಿಯೂ ಹಿಂದಿನವುಗಳಿಗಿಂತ 20-30 ಕಿಲೋ ಹೆಚ್ಚು ತೆತ್ತು ನವೆಂಬರ್ ಮುಟ್ಟುತ್ತಿದೆ. ತಾಯಿಯ ಮೈಯಲ್ಲಿ ಆ 20 ಕಿಲೋ ಇರಬೇಕಾದ್ದು ಮರಿಯ ಹಾಲಿಗೆ.

ಇಷ್ಟು ದೂರ ವಿಮಾನದಲ್ಲಿ ಹೋಗುವುದೂ ಅದೇ ಬಿಸಿಗೆ ಸೇರುತ್ತದೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹೋಗುವುದಾದರೆ ಒಮ್ಮೆ ಹೋಗಿ, ಹೆಚ್ಚು ದಿನ ಇದ್ದು ಬನ್ನಿ. ಟೊರಾಂಟೊ, ವಿನ್ನಿಪೆಗ್‌ಗಳಲ್ಲಿ ನೆಂಟರಿರುವ ಕನ್ನಡಿಗರು ಆ ಭೇಟಿಯೊಂದಿಗೇ ಇದನ್ನು ಹೊಂದಿಸಿಕೊಂಡರೆ ಎರಡನೆಯ ಸಲದ ಸಾಗರ ಹಾರಾಟ ಉಳಿಯುತ್ತದೆ.

ಕೊಲ್ಲಿಯ ಅಂಚಿನಲ್ಲಿ ಮೊದಲು ಕಾಣುವುದು ಎಣ್ಣೆಯಂತೆ ಮಿರುಗುವ ಪದರ, ಆಮೇಲೆ ಅಂಬಲಿಯಂತೆ ಗಟ್ಟಿಯಾದ ನೀರು, ಆಮೇಲೆ ದೋಸೆಯಾಕಾರದ ತುಂಡುಗಳು. ತುಂಡುಗಳು ಬೆಸೆದು ಒಂದು ಗೇಣು ದಪ್ಪವಾಗುವ ಮುಂಚೆಯೇ ದೊಡ್ಡ ಗಂಡುಗಳು ಕಾಲು ಚಾಚಿ, ಭಾರ ಹರಡಿ, ಹೆಜ್ಜೆ ಪರೀಕ್ಷಿಸುತ್ತಾ ಹೊರಡುತ್ತವೆ. ಅದೇ ದಿನಗಳಲ್ಲಿ ಅಧಿಕಾರಿಗಳು ಆ 28 ಕೋಣೆಗಳಲ್ಲಿ ಉಳಿದ ಕರಡಿಗಳನ್ನೂ ತಂದು ಬಿಡುತ್ತಾರೆ. ಬಾಗಿಲು ಎತ್ತಿದ ಕೂಡಲೇ ಹೆಚ್ಚಿನವು ಹಿಂತಿರುಗಿಯೂ ನೋಡದೆ ಮಂಜಿನ ಕಡೆಗೆ ನಡೆದುಬಿಡುತ್ತವೆ.